ನಮ್ಮದನ್ನು ನಾವೇ ಚೆಲ್ಲುವುದು

*ಇಂದಿನ ಧಮ್ಮ ಚಿಂತನೆ*



ಇವತ್ತು ಒಂದು ಪ್ರಶ್ನೆ ಇಟ್ಟುಕೊಳ್ಳೋಣ. ನಮ್ಮ ಹೊಲಸನ್ನು ಯಾರು ತೆಗೆಯಬೇಕು? ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಇದೆಂಥ ಮಾತು ಎಂದು ಮುಖ ಸಿಂಡರಿಸಬೇಡಿ. ಭಗವಾನ್ ಬುದ್ಧರು ಈ ವಿಷಯ ಮಾತನಾಡಲು ಸಂಕೋಚಪಡಲಿಲ್ಲ.

ವಿನಯ ಪಿಟಕದ ಚುಲ್ಲವಗ್ಗದಲ್ಲಿ ಪಾಯಖಾನೆಯ ಬಗ್ಗೆಯೇ ನಿಯಮಗಳಿವೆ. ಬ್ರಾಹ್ಮಣ ಕುಲದಿಂದ ಸಂಘಕ್ಕೆ ಬಂದಿದ್ದ ಒಬ್ಬ ಭಿಕ್ಖು ಶೌಚದ ನಂತರ ತೊಳೆದುಕೊಳ್ಳಲು ಒಪ್ಪಲಿಲ್ಲ. ಈ ನಾರುವುದನ್ನು ಯಾರು ಮುಟ್ಟುತ್ತಾರೆ ಎಂಬುದು ಅವನ ಯೋಚನೆ. ತನ್ನ ಮೈಯಿಂದ ಬಂದದ್ದೇ ಅವನಿಗೆ ಮೈಲಿಗೆಯಾಗಿತ್ತು! ನೀರು ಇದ್ದಾಗ ತೊಳೆದುಕೊಳ್ಳಲೇಬೇಕು ಎಂದು ಭಗವಾನರು ನಿಯಮ ಮಾಡಿದರು. ಇನ್ನೊಂದು ಸಲ, ಹಿರಿಯರು ಮೊದಲು ಎಂಬ ಪದ್ಧತಿಯಿಂದಾಗಿ ಕಿರಿಯ ಭಿಕ್ಖುಗಳು ಪಾಯಖಾನೆಯ ಮುಂದೆ ಕಾದು ಕಾದು ಬವಳಿ ಬಂದು ಬಿದ್ದರು. ಅಂದಿನಿಂದ, ಯಾರು ಮೊದಲು ಬಂದರೋ ಅವರು ಮೊದಲು ಹೋಗಬೇಕು ಎಂದಾಯಿತು. ಪಾಯಖಾನೆ ಕೊಳಕಾಗಿದ್ದರೆ ಹೋದವರು ತೊಳೆಯಬೇಕು, ಅಲ್ಲಿಟ್ಟ ಬುಟ್ಟಿ ತುಂಬಿದ್ದರೆ ಚೆಲ್ಲಬೇಕು, ನೀರಿನ ಕೊಡ ಬರಿದಾಗಿದ್ದರೆ ತುಂಬಿಸಬೇಕು. ಈ ಕೆಲಸಕ್ಕೆಂದು ಸಂಘದಲ್ಲಿ ಒಂದು ಕುಲವನ್ನು ಗೊತ್ತುಮಾಡಲಿಲ್ಲ.

ಈ ನಿಯಮಗಳನ್ನು ನಾನು ಹಲವು ಸಲ ಓದಿದ್ದೇನೆ. ಅವು ನಡೆಯುವುದನ್ನು ಕಣ್ಣಾರೆ ಕಂಡದ್ದು ಹೋದ ವರ್ಷ, ಅಮೆರಿಕದ ಮೆಂಫಿಸ್ ನಗರದಲ್ಲಿ. ಅದನ್ನು ಇವತ್ತು ಬಳಗಕ್ಕೆ ಹೇಳಬೇಕೆನಿಸಿದೆ.

*ಗಾಲಿಯ ಮೇಲಿನ ಮನೆ*

ನಾನೂ ನನ್ನ ಹೆಂಡತಿಯೂ ಡಲ್ಲಾಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮೊಮ್ಮಗಳಿಗೆ ಬೇಸಿಗೆ ರಜೆ. ಅಳಿಯಂದಿರು ಒಂದು ಆರ್‌ವಿ ಬಾಡಿಗೆಗೆ ತಂದರು. ಆರ್‌ವಿ ಎಂದರೆ ಮನೆಯಂಥ ಗಾಡಿ. ಒಳಗೆ ಮಂಚ, ಒಲೆ, ಫ್ರಿಜ್, ಬಚ್ಚಲು, ಪಾಯಖಾನೆ ಎಲ್ಲ ಇರುತ್ತದೆ. ಹಗಲು ಓಡಿಸಿ, ರಾತ್ರಿ ಗಾಡಿ ನಿಲ್ಲಿಸುವ ಜಾಗಗಳಲ್ಲಿ ತಂಗುವುದು. ಡಲ್ಲಾಸ್‌ನಿಂದ ಸುಮಾರು 450 ಮೈಲಿ ಬಂದು, ಮೆಂಫಿಸ್‌ನಲ್ಲಿ ಎರಡು ರಾತ್ರಿ ಉಳಿದೆವು. ಅಷ್ಟುದ್ದದ ಗಾಡಿಯನ್ನು ನಗರದ ಬೀದಿಗಳಲ್ಲಿ ನಿಲ್ಲಿಸುವುದು ಕಷ್ಟ. ಹಾಗಾಗಿ ಮಿಸಿಸಿಪ್ಪಿ ನದಿಯ ಈಚೆ ದಂಡೆಯಲ್ಲಿ ಗಾಡಿ ಬಿಟ್ಟು, ಟ್ಯಾಕ್ಸಿಯಲ್ಲಿ ಸೇತುವೆ ದಾಟಿ ಊರೊಳಗೆ ಹೋದೆವು.

ಆರ್‌ವಿಯ ಒಂದು ಸಂಗತಿ ನನ್ನನ್ನು ಯೋಚನೆಗೆ ಹಚ್ಚಿತು. ನಮ್ಮ ಮನೆಗಳಲ್ಲಿ ಫ್ಲಶ್ ಒತ್ತಿದರೆ ಮುಗಿಯಿತು, ಹೋದದ್ದು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಆರ್‌ವಿಯಲ್ಲಿ ಅದು ಎಲ್ಲಿಗೂ ಹೋಗುವುದಿಲ್ಲ. ಗಾಡಿಯ ಹೊಟ್ಟೆಯ ಕೆಳಗೆ ಎರಡು ಟ್ಯಾಂಕುಗಳಿರುತ್ತವೆ. ಒಂದಕ್ಕೆ ಸಿಂಕು, ಬಚ್ಚಲಿನ ನೀರು ಸೇರುತ್ತದೆ, ಇನ್ನೊಂದಕ್ಕೆ ಪಾಯಖಾನೆಯದು. ಎಷ್ಟು ತುಂಬಿದೆ ಎಂದು ಒಳಗಿನ ಒಂದು ಫಲಕ ದೀಪ ಹಚ್ಚಿ ತೋರಿಸುತ್ತದೆ. ನಮ್ಮ ಮಲ ನಮ್ಮ ಜೊತೆಗೇ ನೂರಾರು ಮೈಲಿ ಪ್ರಯಾಣ ಮಾಡುತ್ತದೆ. ಇದನ್ನು ನೋಡಿ ನನಗೆ ಕಮ್ಮದ ನೆನಪಾಯಿತು. ಹೋದ ಜನ್ಮದ ಕರ್ಮದಿಂದ ನೀವು ಕೀಳಾಗಿ ಹುಟ್ಟಿದಿರಿ ಎಂದು ನಮಗೆ ಹೇಳಿಕೊಂಡು ಬಂದ ಸುಳ್ಳು ಬೇರೆ, ಬಾಬಾಸಾಹೇಬರು ಅದನ್ನು ಕಿತ್ತೆಸೆದರು. ನಾನು ಹೇಳುವುದು ಈ ಜನ್ಮದ ಮಾತು. ನಿನ್ನೆ ನಾವು ಮಾಡಿದ್ದು ಇವತ್ತು ನಮ್ಮ ಗಾಡಿಯಲ್ಲೇ ಇರುತ್ತದೆ.

*ಮಲ್ಬರಿ ಸ್ಟ್ರೀಟ್‌ನಲ್ಲಿ*

ಮೆಂಫಿಸ್‌ಗೆ ಬಹಳ ಜನ ಬರುವುದು ಹಾಡುಗಾರ ಎಲ್ವಿಸ್ ಪ್ರೀಸ್ಲಿಯ ಮನೆ ನೋಡಲು. ನಾವು ಹೋದದ್ದು ಮಲ್ಬರಿ ಸ್ಟ್ರೀಟ್‌ನ ಲೊರೇನ್ ಮೋಟೆಲ್‌ಗೆ. ಅದರ 306ನೇ ಕೋಣೆಯ ಮುಂದಿನ ಮೊಗಸಾಲೆಯಲ್ಲಿ 1968ರ ಏಪ್ರಿಲ್ 4ರ ಸಂಜೆ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಗುಂಡಿಟ್ಟು ಕೊಂದರು. ಈಗ ಅದು ರಾಷ್ಟ್ರೀಯ ನಾಗರಿಕ ಹಕ್ಕುಗಳ ಮ್ಯೂಸಿಯಂ. ಅವರು ಬಿದ್ದ ಜಾಗದ ಕಟಕಟೆಗೆ ಒಂದು ಹೂವಿನ ಚಕ್ರ ತೂಗುಹಾಕಿದ್ದಾರೆ.

ಕಿಂಗ್ ಅವರು ಆ ಊರಿಗೆ ಯಾಕೆ ಬಂದಿದ್ದರು ಎಂಬುದು ನಮ್ಮ ಬಳಗದಲ್ಲಿ ಎಲ್ಲರಿಗೂ ಗೊತ್ತಿರಬೇಕು. ಅವರು ಬಂದದ್ದು ಕಸ ಎತ್ತುವವರಿಗಾಗಿ.

ಮೆಂಫಿಸ್‌ನಲ್ಲಿ ಕಸ ಎತ್ತುತ್ತಿದ್ದವರು ಕಪ್ಪು ಜನ. ಮನೆಗಳ ಹಿತ್ತಿಲಿನಿಂದ ಸೋರುವ ತೊಟ್ಟಿಗಳನ್ನು ಹೊತ್ತು ತರುತ್ತಿದ್ದರು, ಕೊಳಚೆ ಮೈಮೇಲೆ ಇಳಿಯುತ್ತಿತ್ತು. ಪೂರ್ತಿ ದಿನ ದುಡಿದರೂ ಸಂಸಾರ ಸಾಗಿಸಲು ಸರ್ಕಾರದ ನೆರವು ಬೇಡಬೇಕಾದಷ್ಟು ಕಡಿಮೆ ಕೂಲಿ. ವಯಸ್ಸಾದ ಗಂಡಸರನ್ನೂ ಮೇಲಿನವರು ‘ಬಾಯ್’ ಎಂದು ಕರೆಯುತ್ತಿದ್ದರು. 1968ರ ಫೆಬ್ರುವರಿ 1ರಂದು ಜೋರು ಮಳೆ ಬಂತು. ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕಾರ್ಮಿಕರು ಕಸದ ಲಾರಿಯ ಹಿಂಭಾಗದೊಳಗೆ ಸೇರಿ ನಿಂತರು. ಕಸವನ್ನು ಅಮುಕುವ ಯಂತ್ರ ಕೆಟ್ಟು ತಾನಾಗಿ ಓಡಿತು. ಇಬ್ಬರೂ ಕಸದಂತೆ ನುಗ್ಗಾಗಿ ಸತ್ತರು.

ಫೆಬ್ರುವರಿ 12ರಿಂದ ಸುಮಾರು 1,300 ಕಾರ್ಮಿಕರು ಕೆಲಸ ನಿಲ್ಲಿಸಿದರು. ಬೀದಿಗಿಳಿದಾಗ ಅವರ ಕೈಯಲ್ಲಿದ್ದ ಫಲಕದ ಮೇಲೆ ಕೂಲಿಯ ಲೆಕ್ಕ ಇರಲಿಲ್ಲ. ‘ಐ ಆ್ಯಮ್ ಎ ಮ್ಯಾನ್’ ಎಂದಷ್ಟೇ ಇತ್ತು. ನಾನು ಮನುಷ್ಯ. ಅವರ ಜೊತೆ ನಿಲ್ಲಲು ಬಂದ ಕಿಂಗ್ ಅಲ್ಲೇ ಜೀವ ಬಿಟ್ಟರು. ಏಪ್ರಿಲ್ 16ರಂದು ನಗರಾಡಳಿತ ಮಣಿಯಿತು. ಅವರ ಸಂಘಕ್ಕೆ ಮಾನ್ಯತೆ ಸಿಕ್ಕಿತು, ಕೂಲಿ ಹೆಚ್ಚಿತು.

ಆ ಫಲಕಗಳ ಮುಂದೆ ನಿಂತು ಮೊಮ್ಮಗಳು ನನ್ನನ್ನು ಕೇಳಿದಳು: “ಅಜ್ಜ, ಮನುಷ್ಯ ಅಂತ ಬೋರ್ಡ್ ಹಿಡಕೊಂಡು ಹೇಳಬೇಕಾ? ನೋಡಿದ್ರ ಗೊತ್ತಾಗೂದಿಲ್ಲಾ?”

ಏನು ಹೇಳಲಿ? ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 2010ರಲ್ಲಿ ಭಂಗಿ ಸಮುದಾಯದವರು ಪುರಸಭೆಯ ಮುಂದೆ ತಮ್ಮ ಮೈಗೆ ತಾವೇ ಮಲ ಸುರಿದುಕೊಂಡು ಪ್ರತಿಭಟಿಸಿದ್ದನ್ನು ಅವಳಿಗೆ ಹೇಳಿದೆ. ಅವರು ಬೋರ್ಡ್ ಹಿಡಿದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ ಮಗಾ ಎಂದೆ. ಕಿಂಗ್ ಅವರು 1959ರಲ್ಲಿ ನಮ್ಮ ದೇಶಕ್ಕೆ ಬಂದಾಗ, ಕೇರಳದ ಒಂದು ಶಾಲೆಯಲ್ಲಿ ಅಸ್ಪೃಶ್ಯರ ಮಕ್ಕಳಿಗೆ ಅವರನ್ನು ಪರಿಚಯಿಸುತ್ತಾ, ಇವರು ಅಮೆರಿಕದ ಅಸ್ಪೃಶ್ಯರು ಎಂದರಂತೆ. ಮೊದಲು ಕಿಂಗ್ ಅವರಿಗೆ ಕಸಿವಿಸಿಯಾಯಿತು. ಆಮೇಲೆ ಯೋಚಿಸಿ, ಹೌದು, ನಾನೂ ಅಸ್ಪೃಶ್ಯನೇ ಎಂದು ಒಪ್ಪಿಕೊಂಡರು. ಇದನ್ನು ಅವರೇ ಮುಂದೆ ಪ್ರವಚನದಲ್ಲಿ ಹೇಳಿದ್ದಾರೆ. ಅಷ್ಟರಲ್ಲಿ ಬಾಬಾಸಾಹೇಬರ ಮಹಾಪರಿನಿಬ್ಬಾಣವಾಗಿ 2 ವರ್ಷ ದಾಟಿತ್ತು. ಇಬ್ಬರೂ ಭೇಟಿಯಾಗಲಿಲ್ಲ.

ಮ್ಯೂಸಿಯಂನಲ್ಲಿ ಒಂದು ಕಸದ ಲಾರಿಯನ್ನೇ ತಂದು ನಿಲ್ಲಿಸಿದ್ದಾರೆ. ನನ್ನ ಹೆಂಡತಿ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು, ಮಾತಾಡಲಿಲ್ಲ. ನಮ್ಮವ್ವ ನಮ್ಮೂರಲ್ಲಿ ಜಾಡಮಾಲಿ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ನಿಲ್ಲಿಸುವವರೆಗೂ ಅವ್ವ ಬುಟ್ಟಿ ಹೊತ್ತಳು. ಅವಳ ನಡುನೆತ್ತಿಯ ಕೂದಲು ಉದುರಿ ಮತ್ತೆ ಬರಲೇ ಇಲ್ಲ. ಮುಪ್ಪಿನಲ್ಲಿ ಆ ನೆತ್ತಿಗೆ ಎಣ್ಣೆ ಹಚ್ಚುತ್ತಿದ್ದವಳು ನನ್ನ ಹೆಂಡತಿ.

*ಸರದಿಯಲ್ಲಿ ನಿಂತಾಗ*

ಮೂರನೆಯ ದಿನ ಬೆಳಿಗ್ಗೆ ಹೊರಡುವ ಮುನ್ನ ಟ್ಯಾಂಕ್ ಖಾಲಿ ಮಾಡಬೇಕು. ಅದಕ್ಕೊಂದು ಜಾಗವಿದೆ. ಸಿಮೆಂಟು ನೆಲದಲ್ಲಿ ಮುಚ್ಚಳವಿರುವ ಚರಂಡಿಯ ಬಾಯಿ, ಪಕ್ಕದಲ್ಲಿ ನಲ್ಲಿ. ನಮಗಿಂತ ಮುಂದೆ ಎರಡು ಗಾಡಿಗಳಿದ್ದವು. ಮೊದಲನೆಯದು ಬಿಳಿಯ ವೃದ್ಧ ದಂಪತಿಯದು, ಎರಡನೆಯದು ಒಂದು ಕಪ್ಪು ಕುಟುಂಬದ್ದು. ಎಲ್ಲರೂ ಬಂದ ಸರದಿಯಂತೆ ಕಾದರು. ಆ ಮುದುಕ ಕೈಗವಸು ಹಾಕಿಕೊಂಡು ಕೊಳವೆ ಜೋಡಿಸಿದ, ಖಾಲಿ ಮಾಡಿದ, ಮುಂದಿನವರಿಗೆಂದು ನೆಲಕ್ಕೆ ನೀರು ಹೊಡೆದು ಹೋದ. ಆಮೇಲೆ ಆ ಕಪ್ಪು ಕುಟುಂಬದ ಹೆಣ್ಣುಮಗಳೂ ಹಾಗೇ ಮಾಡಿದರು. ಬಂದ ಸರದಿ, ತುಂಬಿದ್ದನ್ನು ಚೆಲ್ಲುವುದು, ಮುಂದಿನವರಿಗೆ ಶುಚಿಯಾಗಿ ಬಿಡುವುದು. ಚುಲ್ಲವಗ್ಗದ ನಿಯಮಗಳು ಅಲ್ಲಿ ಒಂದೊಂದಾಗಿ ನಡೆದವು.

ನಮ್ಮ ಸರದಿ ಬಂತು. ಅಳಿಯಂದಿರು ಕೈಗವಸು ಹಾಕಿಕೊಂಡರು. ಮೊದಲು ಪಾಯಖಾನೆಯ ಟ್ಯಾಂಕ್ ಬಿಡಬೇಕು, ಆಮೇಲೆ ಬಚ್ಚಲಿನದು. ಆ ನೀರು ಕೊಳವೆಯನ್ನು ತೊಳೆಯುತ್ತದೆ. ನನ್ನ ಹೆಂಡತಿಗೆ ತಡೆಯಲಾಗಲಿಲ್ಲ. “ಇದನ್ನ ನೀವ್ಯಾಕ ಮಾಡ್ತೀರಿ? ನಮ್ಮತ್ತಿ ಕೈಯಿಂದ ಬಿಡಿಸಿದ ಕೆಲಸ ಮತ್ತ ನಮ್ಮ ಮನಿಗೇ ಬಂತಲ್ಲ! ಯಾರಿಗಾದ್ರೂ ನಾಕ ದುಡ್ಡು ಕೊಟ್ರ ಮಾಡೂದಿಲ್ಲೇನು?” ಎಂದಳು. ಕಣ್ಣಲ್ಲಿ ನೀರು.

ಅಳಿಯಂದಿರು ಮೆಲ್ಲಗೆ ಅಂದರು: “ಅತ್ತಿ, ಇದು ನಮ್ಮದ ಐತ್ರಿ. ನಮ್ಮದನ್ನ ನಾವ ಚೆಲ್ಲಿದ್ರ ಆತು.”

ಧಮ್ಮ ಬಂಧುಗಳೇ, ಇಲ್ಲಿ ಇಬ್ಬರ ಮಾತಿನಲ್ಲೂ ಸತ್ಯವಿದೆ. ಎರಡನ್ನೂ ಬಿಡಿಸಿ ನೋಡೋಣ.

ಅವಳ ನೋವು ಬಾಬಾಸಾಹೇಬರು ನಮಗೆ ಕಲಿಸಿದ ಸ್ವಾಭಿಮಾನ. 1927ರ ಮಹಾಡ್ ಸಮ್ಮೇಳನದಲ್ಲಿ ಅವರು ಸತ್ತ ದನ ಹೊರುವ ಕೆಲಸ ಬಿಡಿ ಎಂದರು. ಜಾತಿ ಎಂಬುದು ಕೆಲಸವನ್ನು ಹಂಚಿ ಸುಮ್ಮನಾಗುವುದಿಲ್ಲ, ಕೆಲಸ ಮಾಡುವವರನ್ನೇ ಮೇಲು ಕೀಳಾಗಿ ಒಡೆಯುತ್ತದೆ ಎಂದು ತೋರಿಸಿದರು. ಮಲ ಬಳಿಯುವುದು ಪುಣ್ಯದ ಕೆಲಸ, ಸೇವೆ ಎಂದು ಹೊಗಳಿ ಅದೇ ಜನರ ತಲೆಗೆ ಕಟ್ಟುವವರ ಮಾತಿಗೆ ಅವರು ಮರುಳಾಗಲಿಲ್ಲ. ಹುಟ್ಟಿನ ಕಾರಣಕ್ಕೆ ಬಂದ ಆ ಬುಟ್ಟಿಯನ್ನು ನಾವು ಮತ್ತೆ ಹೊರಬಾರದು. ಅದರಲ್ಲಿ ಎರಡು ಮಾತಿಲ್ಲ.

ಆದರೆ ‘ಯಾರಿಗಾದ್ರೂ ದುಡ್ಡು ಕೊಟ್ರ’ ಎಂದಾಗ ಆ ‘ಯಾರಾದರೂ’ ಯಾರು? ನಮ್ಮ ದೇಶದಲ್ಲಿ ಅದಕ್ಕೆ ಒಂದೇ ಉತ್ತರ ಎಂದು ನಮಗೆ ಗೊತ್ತು. ನಾವು ಬಿಟ್ಟ ಬುಟ್ಟಿ ಇನ್ನೊಬ್ಬ ಅವ್ವನ ತಲೆಗೆ ಹೋದರೆ, ಬುಟ್ಟಿ ಇಳಿಯಲಿಲ್ಲ, ತಲೆ ಬದಲಾಯಿತು ಅಷ್ಟೆ. 1993ರಲ್ಲಿ ಒಂದು ಕಾಯ್ದೆ ಬಂತು, 2013ರಲ್ಲಿ ಇನ್ನೊಂದು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸುವುದು ನಿಂತಿಲ್ಲ. ಈ ಪದ್ಧತಿಯ ವಿರುದ್ಧ ದೇಶದ ತುಂಬ ಹೋರಾಟ ಕಟ್ಟಿದ ಬೆಜವಾಡ ವಿಲ್ಸನ್ ನಮ್ಮ ಕೋಲಾರದ ಕೆಜಿಎಫ್‌ನಲ್ಲಿ ಹುಟ್ಟಿದವರು.

ಭಗವಾನರು ರಾಜಗೃಹದ ಬೀದಿಯಲ್ಲಿ ಕಸ ಬಳಿಯುತ್ತಿದ್ದ ಸುನೀತನನ್ನು ಸಂಘಕ್ಕೆ ಕರೆದರು. ಅವನ ಕೈಯಿಂದ ಆ ಕೆಲಸ ಬಿಡಿಸಿದರು. ಅದೇ ಭಗವಾನರು, ಹೊಟ್ಟೆ ಕೆಟ್ಟು ತನ್ನ ಮಲದಲ್ಲೇ ಬಿದ್ದಿದ್ದ ಒಬ್ಬ ಭಿಕ್ಖುವನ್ನು ಕಂಡಾಗ ಯಾರನ್ನೂ ಕೂಗಿ ಕರೆಯಲಿಲ್ಲ. ತಾವು ನೀರು ಹೊಯ್ದರು, ಆನಂದರು ಮೈ ತೊಳೆದರು, ಇಬ್ಬರೂ ಅವನನ್ನು ಎತ್ತಿ ಮಂಚದ ಮೇಲೆ ಮಲಗಿಸಿದರು. ಸುನೀತನ ಕೈಯಿಂದ ಬಿಡಿಸಿದ ಕೆಲಸಕ್ಕೆ ಭಗವಾನರು ತಮ್ಮ ಕೈ ಹಚ್ಚಿದರು. ಇವೆರಡೂ ಒಂದೇ ಧಮ್ಮ. ಹುಟ್ಟಿನಿಂದ ಹೇರಿದ್ದನ್ನು ಬಿಡಬೇಕು. ನಮ್ಮದಾದದ್ದನ್ನು ಇನ್ನೊಬ್ಬರ ಮೇಲೆ ಹೇರದೆ ನಾವೇ ತೊಳೆಯಬೇಕು. ಒಂದನ್ನೇ ಹಿಡಿದು ಇನ್ನೊಂದನ್ನು ಬಿಟ್ಟರೆ, ನಾವೂ ಆ ಬ್ರಾಹ್ಮಣ ಕುಲದ ಭಿಕ್ಖುವಿನಂತೆ ಮೂಗು ಮುಚ್ಚಿಕೊಂಡು ನಿಲ್ಲುತ್ತೇವೆ.

*ಇಂದಿನ ಅಭ್ಯಾಸ*

1. ಇವತ್ತು ನಿಮ್ಮ ಮನೆಯ ಪಾಯಖಾನೆಯನ್ನು ನೀವೇ ತೊಳೆಯಿರಿ. ಮನೆಯ ಗಂಡಸರಿಗೆ ಇದನ್ನು ಮುಖ್ಯವಾಗಿ ಹೇಳುತ್ತಿದ್ದೇನೆ. ಹೆಂಡತಿಯ ಪಾಲಿಗೆ ಬಿಟ್ಟರೆ ಅದೂ ಹುಟ್ಟಿನಿಂದ ಹೇರಿದ್ದೇ ಆಗುತ್ತದೆ.

2. ನಿಮ್ಮ ಬೀದಿಯ ಪೌರಕಾರ್ಮಿಕರ ಹೆಸರು ಕೇಳಿ ತಿಳಿದುಕೊಳ್ಳಿ. ಹೆಸರು ಹಿಡಿದು, ಬಹುವಚನದಲ್ಲಿ ಮಾತಾಡಿಸಿ. ಹಸಿ ಕಸ, ಒಣ ಕಸ, ಗಾಜಿನ ಚೂರು ಬೇರೆ ಬೇರೆ ಮಾಡಿ ಕೊಡಿ. ಅವರ ಕೈ ನಮ್ಮವ್ವನ ಕೈ ಎಂದು ತಿಳಿಯಿರಿ.

3. ಯಾರಾದರೂ ಮ್ಯಾನ್‌ಹೋಲಿಗೋ ಶೌಚಗುಂಡಿಗೋ ಮನುಷ್ಯರನ್ನು ಇಳಿಸುತ್ತಿದ್ದರೆ ನಿಂತು ತಡೆಯಿರಿ. ಅದು ಅಪರಾಧ ಎಂದು ಹೇಳಿ. ನಿಮ್ಮ ಮನೆಯ ಗುಂಡಿಯಾದರೆ ಯಂತ್ರದ ಗಾಡಿಯನ್ನೇ ಕರೆಸಿ, ಎಷ್ಟು ಖರ್ಚಾದರೂ ಸರಿ.

ಎಲ್ಲರ ಕೈಗಳೂ ಶುಚಿಯಾಗಿರಲಿ. ಯಾರ ನೆತ್ತಿಯ ಮೇಲೂ ಇನ್ನೊಬ್ಬರ ಹೊಲಸು ಇಲ್ಲದಿರಲಿ.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್. 🙏

(ಓದಿದ ಮೇಲೆ ಮನೆಯ ಮಕ್ಕಳಿಗೂ ಓದಿ ಹೇಳಿ. ನಿಮ್ಮ ಬಳಗಗಳಿಗೆ ಕಳುಹಿಸಿ.)