ಹೊರನಾಡಿನ ಗುರುವೂ ನಮ್ಮ ಹೊಸ್ತಿಲೂ

ವಿಶ್ವವಿದ್ಯಾಲಯವೊಂದು ಪರದೇಶದಿಂದ ಪ್ರಾಧ್ಯಾಪಕರನ್ನು ಕರೆತರುವಾಗ ಏನನ್ನು ನೋಡಿ ಆರಿಸಬೇಕು? ಪದವಿ, ಪಾಂಡಿತ್ಯ, ಅನುಭವ ಇವು ಅರ್ಜಿಯಲ್ಲಿಯೇ ಕಾಣುತ್ತವೆ. ಹೊಸ ನೆಲದ ಹವೆ, ಊಟ, ಭಾಷೆಗಳ ನಡುವೆ ಆತ ಬಾಳಬಲ್ಲನೇ ಎಂಬುದು ಯಾವ ಪ್ರಮಾಣಪತ್ರದಲ್ಲಿಯೂ ಇರುವುದಿಲ್ಲ. ಆದ್ದರಿಂದ 'ಏನು ಕಲಿಸಬಲ್ಲಿರಿ?' ಎಂದು ಕೇಳಿದ ಮೇಲೆ 'ನಮ್ಮಿಂದ ಏನು ಕಲಿಯಬಯಸುತ್ತೀರಿ?' ಎಂದೂ ಕೇಳಬೇಕು. ಕಲಿಯುವ ಮನಸ್ಸುಳ್ಳವನು ಪರನಾಡಿನಲ್ಲಿಯೂ ನೆಲೆನಿಲ್ಲುತ್ತಾನೆ.

ಇಷ್ಟೇ ಸಾಕೆಂದು ನಾನು ಬಹುಕಾಲ ನಂಬಿದ್ದೆ. ಬೆಂಗಳೂರಿನ ಒಂದು ಪ್ರಸಂಗವನ್ನು ಓದಿದಾಗ ಆ ನಂಬಿಕೆ ಅಲುಗಿತು. ಜರ್ಮನಿಯ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರು ಯೆಹೂದ್ಯರೆಂಬ ಕಾರಣಕ್ಕೆ 1933ರಲ್ಲಿ ಗಾಟಿಂಗೆನ್ ವಿಶ್ವವಿದ್ಯಾಲಯದ ಹುದ್ದೆಯನ್ನು ಕಳೆದುಕೊಂಡರು. ಸರ್ ಸಿ. ವಿ. ರಾಮನ್ ಅವರ ಆಹ್ವಾನದಂತೆ 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸುಮಾರು ಆರು ತಿಂಗಳು ಇದ್ದರು. ಇಲ್ಲಿಯೇ ನೆಲೆಸಲು ಅವರು ಸಿದ್ಧರಿದ್ದರು. ಕಾಯಂ ಹುದ್ದೆ ಕೊಡಿಸಲು ರಾಮನ್ ಯತ್ನಿಸಿದರು. ಆದರೆ ಸಭೆಯಲ್ಲಿ, ತಾವೂ ಹೊರಗಿನವರೇ ಆಗಿದ್ದ ಆಂಗ್ಲ ಪ್ರಾಧ್ಯಾಪಕರೊಬ್ಬರು ಎದ್ದು, ಸ್ವದೇಶದಿಂದ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರೆಂದು ಬಾರ್ನ್ ಅವರೇ ಬರೆದಿದ್ದಾರೆ. ಹುದ್ದೆ ದೊರೆಯಲಿಲ್ಲ. 1936ರಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯ ಅವರನ್ನು ಬರಮಾಡಿಕೊಂಡಿತು. 1954ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಬಂದವರು ಹೊಂದಿಕೊಳ್ಳಲು ಸಿದ್ಧರಿದ್ದರು, ಬರಮಾಡಿಕೊಳ್ಳಬೇಕಾದವರು ಸಿದ್ಧರಿರಲಿಲ್ಲ.

ಆ ಸಭೆಯನ್ನು ಹಳಿಯುವ ಮುನ್ನ ನನ್ನ ತಪ್ಪನ್ನೂ ಹೇಳಬೇಕು. ಕನ್ನಡ, ಮರಾಠಿ, ಉರ್ದು ಒಂದೇ ಓಣಿಯಲ್ಲಿ ಕೇಳುವ ನಮ್ಮ ಗಡಿಸೀಮೆಯಲ್ಲಿ ನಾನು ಮುಖ್ಯಾಧ್ಯಾಪಕನಾಗಿದ್ದಾಗ, ದೂರದ ಜಿಲ್ಲೆಯಿಂದ ತರುಣ ಶಿಕ್ಷಕರೊಬ್ಬರು ಬಂದರು. ಗಣಿತದಲ್ಲಿ ನಿಪುಣರು. ಮಕ್ಕಳಿಂದಲೇ ನಮ್ಮ ಮಾತು ಕಲಿಯಲು ತೊಡಗಿದರು. ಅವರ ಉಚ್ಚಾರಕ್ಕೆ ಶಿಕ್ಷಕರ ಕೋಣೆಯಲ್ಲಿ ನಗು ಏಳುತ್ತಿತ್ತು, ನಾನೂ ನಕ್ಕೆ. ಎಳ್ಳ ಅಮಾವಾಸ್ಯೆಯಂದು ಊರಿಗೆ ಊರೇ ಹೊಲಕ್ಕೆ ಹೋಗಿ ಭಜ್ಜಿ, ಅಂಬಲಿ ಉಣ್ಣುವಾಗ ಅವರು ಬಾಡಿಗೆಯ ಕೋಣೆಯಲ್ಲಿ ಒಬ್ಬರೇ ಇದ್ದರು. ವರ್ಷ ತುಂಬುವ ಮೊದಲೇ ವರ್ಗ ಮಾಡಿಸಿಕೊಂಡು ಹೋದರು. 'ಹೊಂದಿಕೊಳ್ಳಲಿಲ್ಲ' ಎಂದು ಷರಾ ಬರೆದವನು ನಾನೇ. ಹೊಂದಿಕೊಳ್ಳದವರು ಯಾರೆಂದು ಅಂದು ಕೇಳಿಕೊಳ್ಳಲಿಲ್ಲ.

1993ರ ಭೂಕಂಪದಲ್ಲಿ ನಮ್ಮ ಸಾಸ್ತೂರ ಬಿದ್ದಾಗ ಮುಖಪರಿಚಯವೂ ಇಲ್ಲದವರು ಬಂದು ಕೈಹಿಡಿದರು. ಹೊರಗಿನವರ ಬೆಲೆಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗುರುವನ್ನು ಆರಿಸುವವರು ಅರ್ಜಿದಾರನನ್ನು ಪರೀಕ್ಷಿಸಲಿ. ಜೊತೆಗೆ ತಮ್ಮನ್ನೂ ಕೇಳಿಕೊಳ್ಳಲಿ: ಆತನಿಗೆ ನಮ್ಮ ಮಾತು ಕಲಿಸುವವರು ಯಾರು? ಹಬ್ಬದ ದಿನ ಊಟಕ್ಕೆ ಕರೆಯುವವರು ಯಾರು? ಉತ್ತರವಿಲ್ಲದಿದ್ದರೆ ಆಯ್ಕೆ ಇನ್ನೂ ಮುಗಿದಿಲ್ಲ.