ಮಾತ್ರೆ ಯಾರಿಗೆ?

ನಮ್ಮ 14 ವರ್ಷದ ಕರಿಯ ಬಾಗಿಲು ತೆರೆದರೂ ಅದರ ಹಿಂದಿನ ಸಂದಿಯಲ್ಲೇ ನಿಂತಿರುತ್ತಾನೆ. ರಾತ್ರಿ ಗೋಡೆ ನೋಡಿ ಬೊಗಳುತ್ತಾನೆ. ಮುಪ್ಪಿನ ಮರೆವು ಎಂದರು ಪಶುವೈದ್ಯರು. ಅಮ್ಮ ಅನ್ನಕ್ಕೆ ಒಂದೆಲಗ ಅರೆದು ಕಲಸುತ್ತಾಳೆ, ಪರೀಕ್ಷೆಗೆ ಮುಂಚೆ ನನಗೆ ತಂಬುಳಿ ಮಾಡುತ್ತಿದ್ದ ಅದೇ ಸೊಪ್ಪು. ನಾನು ಗಿಂಕ್ಗೊ ಮಾತ್ರೆ ತರಿಸಿದೆ. 2006ರಲ್ಲಿ ಪ್ರಕಟವಾದ, 42 ಮುದಿ ನಾಯಿಗಳ ಪ್ರಯೋಗವೊಂದು ಗಿಂಕ್ಗೊದಿಂದ ಗುಣ ಕಂಡಿತೆನ್ನುತ್ತದೆ. ಆದರೆ ಹೋಲಿಸಿ ನೋಡಲು ಔಷಧಿಯಿಲ್ಲದ ಗುಂಪೇ ಅದರಲ್ಲಿರಲಿಲ್ಲ. ಗೊತ್ತಿದ್ದೂ ತರಿಸಿದೆ (ಸಂಶೋಧಕಿಯ ಪಾಡು!).

ವಾರದ ಮೇಲೆ, ‘ರಾತ್ರಿ ಕಡಿಮೆ ಬೊಗಳಿದ’ ಎಂದೆ.

‘ನೀನು ನಿದ್ದೆ ಹೋಗಿದ್ದೆ ಕಣೇ’ ಎಂದಳು ಅಮ್ಮ.

ಮನುಷ್ಯನಾದರೆ ‘ಸಾಕು’ ಅನ್ನಬಲ್ಲ. ನಮ್ಮ ಸಮಾಧಾನಕ್ಕಾದರೂ ‘ವಾಸಿ’ ಅನ್ನಬಲ್ಲ. ಕರಿಯನ ಪರವಾಗಿ ಎರಡನ್ನೂ ನಾನೇ ಹೇಳುತ್ತಿದ್ದೇನೆ. ಹಾಗಿದ್ದರೆ ಮಾತ್ರೆ ಯಾರ ಸಂಕಟಕ್ಕೆ?

ನಿನ್ನೆ ಮಾತ್ರೆ ಮರೆತು ಅವನ ಪಕ್ಕ ಚಾಪೆ ಹಾಸಿಕೊಂಡೆ. ನಡುರಾತ್ರಿ ಎದ್ದ, ನನ್ನ ಕೈ ಮೂಸಿದ, ಮತ್ತೆ ಗೋಡೆಯತ್ತ ತಿರುಗಿದ.