ಮಂಕಾದ ದೀಪದ ತಪ್ಪೇನು?

ಲಾರಿಯ ಮುಂದೆ ಹೆಚ್ಚುವರಿಯಾಗಿ ಹಾಕಿಸಿದ ಎರಡು ದೀಪಗಳಲ್ಲಿ ಒಂದು ಮಂಕಾಗಿ ಉರಿಯುತ್ತಿದೆ ಎಂದುಕೊಳ್ಳಿ. ನಮಗೆ ಮೊದಲು ಅನುಮಾನ ಬರುವುದು ಬಲ್ಬಿನ ಮೇಲೆ. ಕಣ್ಣಿಗೆ ಕಾಣುವುದು ಅದೊಂದೇ ತಾನೆ? ಅನುಭವಿ ಎಲೆಕ್ಟ್ರಿಷಿಯನ್ ಹಾಗೆ ಮಾಡುವುದಿಲ್ಲ. ಎರಡು ಬಲ್ಬುಗಳನ್ನು ಅದಲುಬದಲು ಮಾಡಿ ನೋಡುತ್ತಾನೆ. ಮಂಕು ಬಲ್ಬಿನ ಜೊತೆಗೇ ಹೋದರೆ ದೋಷ ಬಲ್ಬಿನದು. ಇದ್ದ ಜಾಗದಲ್ಲೇ ಉಳಿದರೆ ದೋಷ ವೈರಿಂಗಿನದು. ತತ್ವಶಾಸ್ತ್ರದ ವಿದ್ಯಾರ್ಥಿಯಾದ ನಾನು ಪುಸ್ತಕದಲ್ಲಿ ಅನ್ವಯ–ವ್ಯತಿರೇಕ ಎಂದು ಓದಿದ್ದು ಇದನ್ನೇ: ಒಂದಿದ್ದಾಗ ಇನ್ನೊಂದು ಇದೆಯೇ, ಅದಿಲ್ಲದಾಗ ಇದೂ ಇಲ್ಲವೇ ಎಂದು ನೋಡಿ ಕಾರಣವನ್ನು ಹಿಡಿಯುವ ಕ್ರಮ.

ದೋಷ ವೈರಿಂಗಿನದು ಎಂದಾದ ಮೇಲೆಯೂ ಒಂದು ತೊಡಕಿದೆ. ಬಲ್ಬು ತೆಗೆದು ಹೋಲ್ಡರಿಗೆ ಮೀಟರ್ ಹಿಡಿದರೆ ಅದು ಪೂರ್ತಿ 24 ವೋಲ್ಟ್ ತೋರಿಸಬಹುದು. ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಆದರೆ ಮೀಟರ್ ಎಳೆಯುವ ಕರೆಂಟು ತೀರಾ ಕಡಿಮೆ. ಅಷ್ಟಕ್ಕೆ ತುಕ್ಕು ಹಿಡಿದ ಜೋಡಣೆಯೂ ಸಾಕು. 70 ವ್ಯಾಟಿನ ಬಲ್ಬು ಹಾಕಿ ಉರಿಸಿದಾಗಲೇ ನಿಜ ಹೊರಬೀಳುವುದು. ಚಾಸಿಗೆ ಬಿಗಿದ ಅರ್ತ್ ಬೋಲ್ಟಿನ ಬಳಿ 2 ಓಮ್ ತಡೆ ಇದ್ದರೂ ಸಾಕು, ಸುಮಾರು 5 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ. ಬಲ್ಬಿಗೆ ಸಿಗುವುದು 19, ಬೆಳಕು ಹೆಚ್ಚುಕಡಿಮೆ ಅರ್ಧ. ಅದಕ್ಕೇ ದೀಪ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ದೀಪದ ಅರ್ತ್ ವೈರಿಗೆ, ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೆ ಹಿಡಿಯಬೇಕು. ಸೊನ್ನೆಯ ಹತ್ತಿರ ಇರಬೇಕಾದಲ್ಲಿ 5 ಕಂಡರೆ ಕಳ್ಳ ಸಿಕ್ಕಿದ ಹಾಗೆ.

ಹೊರೆ ಇಲ್ಲದಾಗ ಎಲ್ಲ ಜೋಡಣೆಯೂ ಗಟ್ಟಿಯೇ. ಈ ಮಾತು ಲಾರಿಯ ದೀಪಕ್ಕಷ್ಟೇ ಅಲ್ಲ, ಆ ಲಾರಿ ಓಡಿಸುವವನಿಗೂ ಅನ್ವಯಿಸುತ್ತದೆ ಎಂದು ನನಗನ್ನಿಸುತ್ತದೆ. ರಾತ್ರಿ ಅಪಘಾತವಾದರೆ ನಾವು ಮೊದಲು ಆಡುವ ಮಾತು 'ಡ್ರೈವರ್ ನಿದ್ದೆ ಮಾಡಿದನಂತೆ' ಎಂಬುದು. ಕಣ್ಣಿಗೆ ಕಾಣುವವನು ಅವನು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8, ವಾರಕ್ಕೆ 48 ಗಂಟೆ ದುಡಿಮೆಯ ಮಿತಿ ಹಾಕಿತ್ತು. ಕಾಗದದ ಮೇಲೆ ಅಳೆದರೆ ಪೂರ್ತಿ 24 ವೋಲ್ಟ್! ಸರಕು ಬೆಳಗಾಗುವುದರೊಳಗೆ ಮಾರುಕಟ್ಟೆ ಸೇರಬೇಕು, ತಡವಾದರೆ ಬಾಡಿಗೆಯಲ್ಲಿ ಕಡಿತ ಎಂಬ ಹೊರೆ ಬಿದ್ದಾಗ ಆ ಮಿತಿಯಲ್ಲಿ ಎಷ್ಟು ಉಳಿಯುತ್ತದೆ ಎಂದು ಅಳೆಯುವವರು ಯಾರು?

ಕನ್ನಡದಲ್ಲಿ 'ದೋಷ' ಮತ್ತು 'ತಪ್ಪು' ಎಂಬ ಎರಡು ಪದಗಳಿವೆ. ದೋಷ ಎಲ್ಲಿದೆ ಎಂದು ಕೇಳಬಹುದು. ತಪ್ಪು ಯಾರದು ಎಂದು ಕೇಳುತ್ತೇವೆ. ಎರಡನೆಯದಕ್ಕೆ ಬೇಗ ಉತ್ತರ ಸಿಕ್ಕಿಬಿಟ್ಟರೆ ಮೊದಲನೆಯದನ್ನು ಕೇಳುವುದೇ ಮರೆತುಹೋಗುತ್ತದೆ. ಆ ಡ್ರೈವರನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿದರೂ ಮೂರನೆಯ ರಾತ್ರಿ ಅವನ ಕಣ್ಣೂ ಮುಚ್ಚಿದರೆ, ನಾವು ಬದಲಾಯಿಸಿದ್ದು ಬಲ್ಬನ್ನಷ್ಟೇ.

ಹಾಗಾದರೆ ಡ್ರೈವರಿಗೆ ಹೊಣೆಯೇ ಇಲ್ಲವೇ? ಇಲ್ಲಿ ಹೋಲಿಕೆ ಕೈಕೊಡುತ್ತದೆ, ಕೊಡಲೂಬೇಕು. ಬಲ್ಬಿಗೆ 'ಇನ್ನು ನನ್ನಿಂದಾಗದು' ಎಂದು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಲು ಬರುವುದಿಲ್ಲ, ಮನುಷ್ಯನಿಗೆ ಬರುತ್ತದೆ. ಅದಕ್ಕೆ ತೆರಬೇಕಾದ ಬೆಲೆ ದೊಡ್ಡದಿರಬಹುದು. ಆದರೂ ಎದುರಿನಿಂದ ಬರುತ್ತಿದ್ದವನ ಜೀವದ ಮುಂದೆ ಅದೇ ಕೊನೆಯ ಮಾತಾಗುವುದಿಲ್ಲ.

ವೈರಿನಲ್ಲಿ ಲೆಕ್ಕ ಸರಳ: ಬೋಲ್ಟಿನ ಬಳಿ 5, ದೀಪದಲ್ಲಿ 19, ಒಟ್ಟು 24. ಒಂದು ಕಡೆ ಹೆಚ್ಚಿದ್ದು ಇನ್ನೊಂದು ಕಡೆ ಕಡಿಮೆಯಾಗಲೇಬೇಕು. ಹೊಣೆಯನ್ನೂ ಹೀಗೇ ಎಣಿಸುವುದು ನಮ್ಮ ಅಭ್ಯಾಸ. ಮಾಲೀಕನನ್ನು ಕೇಳಿದರೆ ಡ್ರೈವರನ್ನು ಬಿಟ್ಟುಕೊಟ್ಟಂತೆ, ಡ್ರೈವರನ್ನು ಕೇಳಿದರೆ ಮಾಲೀಕನನ್ನು ಉಳಿಸಿದಂತೆ. ಆದರೆ ಹೊಣೆಗೆ ಅಂಥ ನಿಗದಿತ ಮೊತ್ತವಿಲ್ಲ. ಡ್ರೈವರಿನದು ಪೂರ್ತಿ ಅವನದೇ. ಗಡುವು ಹಾಕಿದವನದು ಪೂರ್ತಿ ಅವನದೇ. ಅಗ್ಗದ ದರಕ್ಕೆ, ನಾಳೆಯೇ ಬೇಕೆಂದು ಕಾಯುವ ನಮ್ಮದೂ ಹಂಚಿಕೊಂಡ ಮಾತ್ರಕ್ಕೆ ಕರಗುವುದಿಲ್ಲ.

ಲಾರಿಯಲ್ಲಿ ಪರಿಹಾರ ಸುಲಭ. ಬೋಲ್ಟು ಬಿಚ್ಚಿ, ತುಕ್ಕು ಮತ್ತು ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ವೈರನ್ನು ಬಿಗಿದರಾಯಿತು. ಹಾಗೆ ಕೆರೆಯಬೇಕಾದರೆ ದೀಪದ ಮುಂದಿನಿಂದ ಎದ್ದು, ಬೆಳಕಿಲ್ಲದ ಕಡೆ, ಗಾಡಿಯ ಅಡಿಗೆ ನುಸುಳಬೇಕು.